ಬಟ್ಟೆಯ ಆನೆ ಹೊಲಿದ ಮಾರ್ಗರೆಟ್ ಸ್ಟೈಫ್

ನಮ್ಮಲ್ಲಿ ಬಹಳ ಮನೆಗಳ ಷೋಕೇಸಿನಲ್ಲಿ ಒಂದು ಚನ್ನಪಟ್ಟಣದ ಬೊಂಬೆಯೋ ಒಂದು ಟೆಡ್ಡಿ ಕರಡಿಯೋ ಕುಳಿತಿರುತ್ತದೆ. ಮಕ್ಕಳು ಆಡಲಿ ಎಂದೇ ಕೊಂಡು ತಂದಿದ್ದು, ಕೊಳೆಯಾಗುತ್ತದೆ ಎಂಬ ಭಯಕ್ಕೆ ಗಾಜಿನ ಹಿಂದೆ ಹೋಗಿರುತ್ತದೆ. ಆ ಕರಡಿಯ ಮೂಲವನ್ನು ಹುಡುಕುತ್ತ ಹೋದರೆ ಜರ್ಮನಿಯ ಗೀಂಗೆನ್ ಎಂಬ ಪುಟ್ಟ ಪಟ್ಟಣ ಸಿಗುತ್ತದೆ. ಆ ಪಟ್ಟಣದಲ್ಲಿ ಜೀವನವಿಡೀ ಗಾಲಿಕುರ್ಚಿಯಲ್ಲಿ ಕುಳಿತೇ ದುಡಿದ ಮಾರ್ಗರೆಟ್ ಸ್ಟೈಫ್ ಎಂಬ ಮಹಿಳೆ ಸಿಗುತ್ತಾರೆ.

ಮಾರ್ಗರೆಟ್ ಹುಟ್ಟಿದ್ದು 1847ರ ಜುಲೈ 24ರಂದು. ತಂದೆ ಫ್ರೆಡ್ರಿಕ್ ಸ್ಟೈಫ್ ಕಟ್ಟಡ ಕಟ್ಟಿಸುವ ಮೇಸ್ತ್ರಿ. ನಾಲ್ವರು ಮಕ್ಕಳಲ್ಲಿ ಇವರು ಮೂರನೆಯವರು. ಒಂದೂವರೆ ವರ್ಷದ ಮಗುವಾಗಿದ್ದಾಗ ಜೋರು ಜ್ವರ ಬಂತು. ಜ್ವರ ಇಳಿದ ಮೇಲೆ ಕಾಲುಗಳು ಏಳಲಿಲ್ಲ, ಬಲಗೈಯನ್ನು ಎತ್ತಿದರೆ ನೋವು. ಅದು ಪೋಲಿಯೊ ಎಂದು ವೈದ್ಯರಿಗೆ ಗೊತ್ತಾಗುವುದಕ್ಕೇ ಮೂರು ವರ್ಷ ಹಿಡಿಯಿತು. ಅದಕ್ಕೆ ಲಸಿಕೆ ಬಂದದ್ದು ಇನ್ನೂ ನೂರು ವರ್ಷದ ನಂತರ, 1955ರಲ್ಲಿ. ನಮ್ಮ ದೇಶ ಪೋಲಿಯೊಮುಕ್ತ ಎಂದು ಘೋಷಣೆಯಾದದ್ದು 2014ರಲ್ಲಿ. ಈಗಿನ ನಮ್ಮ ವಿದ್ಯಾರ್ಥಿಗಳು ಈ ಕಾಯಿಲೆಯನ್ನು ಕಣ್ಣಾರೆ ಕಂಡಿರಲಾರರು. ಅವರ ಅಜ್ಜ ಅಜ್ಜಿಯರನ್ನು ಕೇಳಿದರೆ ಪ್ರತಿ ಊರಿನಲ್ಲೂ ಅಂಥವರು ಒಬ್ಬರಾದರೂ ಇದ್ದರೆಂದು ಹೇಳುತ್ತಾರೆ.

ನಡೆಯಲಾರದ ಹೆಣ್ಣುಮಗುವಿಗೆ ಶಾಲೆ ಏಕೆ ಎಂದು ಅಂದಿನ ಕಾಲದಲ್ಲಿ ಅನೇಕರು ಅನ್ನುತ್ತಿದ್ದರು. ಮಾರ್ಗರೆಟ್ ಶಾಲೆಗೆ ಹೋದರು. ಅಕ್ಕಂದಿರೂ ನೆರೆಮನೆಯ ಮಕ್ಕಳೂ ಸೇರಿ ಅವರನ್ನು ಒಂದು ಸಣ್ಣ ಕೈಗಾಡಿಯಲ್ಲಿ ಕೂರಿಸಿ ಎಳೆದುಕೊಂಡು ಹೋಗುತ್ತಿದ್ದರು. ಶಾಲೆಯ ಹತ್ತಿರ ವಾಸವಾಗಿದ್ದ ಒಬ್ಬ ಹೆಂಗಸು ಅಲ್ಲಿಂದ ಎತ್ತಿಕೊಂಡು ತರಗತಿಗೆ ಬಿಡುತ್ತಿದ್ದಳು. ಇವರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಆನೆ, ಕರಡಿಗಳ ವಿಷಯಕ್ಕೆ ಬೇಗ ಓಡಿಬಿಡುತ್ತಾರೆ. ಪಾಠ ಮಾಡುವ ನನಗೆ ಮಾತ್ರ ಆ ಹೆಂಗಸು ದೊಡ್ಡವಳಾಗಿ ಕಾಣುತ್ತಾಳೆ. ಅವಳ ತೋಳು ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

1856ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, ಲುಡ್ವಿಗ್ಸ್‌ಬರ್ಗ್ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ವಿಲ್ಡ್‌ಬಾಡ್‌ನ ಬಿಸಿನೀರಿನ ಬುಗ್ಗೆಗಳಿಗೂ ಕರೆದೊಯ್ದರು. ಗುಣವಾಗಲಿಲ್ಲ. ಹದಿನೇಳನೆಯ ವಯಸ್ಸಿನ ಹೊತ್ತಿಗೆ ಮಾರ್ಗರೆಟ್ ಗುಣವಾಗುವ ಆಸೆಯನ್ನು ಬಿಟ್ಟು, ಇದ್ದ ಕೈಗಳಿಂದ ಏನು ಮಾಡಬಹುದೆಂದು ಯೋಚಿಸತೊಡಗಿದ್ದರು. ಹಟ ಹಿಡಿದು ಹೊಲಿಗೆ ಶಾಲೆಗೆ ಸೇರಿದರು. ಬಲಗೈ ನೋಯುತ್ತಿದ್ದುದರಿಂದ ಉಳಿದ ಹುಡುಗಿಯರಿಗೆ ಸುಲಭವಾದ ಹೊಲಿಗೆ ಇವರಿಗೆ ಬಹಳ ಕಷ್ಟವಾಯಿತು. ಆದರೂ ಕಲಿತರು. ಜಿದರ್ ಎಂಬ ತಂತಿವಾದ್ಯವನ್ನೂ ಕಲಿತು, ಅದನ್ನು ಇತರರಿಗೆ ಹೇಳಿಕೊಟ್ಟು ಸ್ವಲ್ಪ ಹಣ ಕೂಡಿಸಿದರು. ಅಕ್ಕಂದಿರ ಜೊತೆ ಹೊಲಿಗೆ ಕೆಲಸ ಮಾಡುತ್ತ ಹೊಲಿಗೆ ಯಂತ್ರವೊಂದನ್ನು ಕೊಂಡರು. ಗೀಂಗೆನ್‌ಗೆ ಬಂದ ಮೊದಲ ಹೊಲಿಗೆ ಯಂತ್ರ ಅದೇ ಎನ್ನುತ್ತಾರೆ. ಯಂತ್ರದ ಚಕ್ರ ಇರುವುದು ಬಲಗಡೆ, ಇವರ ಬಲಗೈಯಲ್ಲಿ ಅದನ್ನು ತಿರುಗಿಸುವ ಶಕ್ತಿ ಇಲ್ಲ. ಅದಕ್ಕೆ ಅವರು ಯಂತ್ರವನ್ನೇ ಹಿಂದುಮುಂದಾಗಿ ತಿರುಗಿಸಿಟ್ಟುಕೊಂಡು ಎಡಗೈಯಿಂದ ಚಕ್ರ ತಿರುಗಿಸಿ ಹೊಲಿದರು.

1874ರಲ್ಲಿ ತಂದೆ ಮನೆಯನ್ನು ಮಾರ್ಪಡಿಸಿ ಮಗಳಿಗೆ ಕೆಲಸದ ಕೋಣೆ ಮಾಡಿಕೊಟ್ಟರು. 1877ರಲ್ಲಿ ಮಾರ್ಗರೆಟ್ ಸ್ವಂತ ಅಂಗಡಿ ತೆರೆದು ಫೆಲ್ಟ್ ಬಟ್ಟೆಯ ಒಳಲಂಗಗಳನ್ನು ಮಾರತೊಡಗಿದರು. ಫೆಲ್ಟ್ ಎಂದರೆ ನೇಯದೆ, ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ಉರ್ದುವಿನಲ್ಲಿ ನಾವು ನಮ್ದಾ ಎನ್ನುವುದೂ ಇದೇ ಜಾತಿಯದು. ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುವುದಿಲ್ಲ. ಆದ್ದರಿಂದ ಸಣ್ಣ ಸಣ್ಣ ಆಕಾರಗಳನ್ನು ಹೊಲಿಯಲು ಬಹಳ ಅನುಕೂಲ.

1879ರಲ್ಲಿ ಒಂದು ಫ್ಯಾಷನ್ ಪತ್ರಿಕೆಯಲ್ಲಿ ಬಟ್ಟೆಯ ಆನೆಯ ನಮೂನೆ ಅವರ ಕಣ್ಣಿಗೆ ಬಿತ್ತು. ಆ ನಮೂನೆ ಹಿಡಿದು ಫೆಲ್ಟ್ ಕತ್ತರಿಸಿ, ಒಳಗೆ ಕುರಿಯ ಉಣ್ಣೆ ತುಂಬಿ, ಕೆಲವು ಪುಟ್ಟ ಆನೆಗಳನ್ನು ಹೊಲಿದರು. ಅವು ಆಟಿಕೆಗಳಲ್ಲ. ಹೊಲಿಯುವವರು ಸೂಜಿ ಚುಚ್ಚಿಡುವ ಮೆತ್ತೆಗಳು; ಮೇಜಿನ ಮೇಲೆ ಚೆಂದವಾಗಿ ಕಾಣಲಿ ಎಂದು ಆನೆಯ ರೂಪ. ಬಳಗದ ಹೆಂಗಸರಿಗೆ ಕಾಣಿಕೆಯಾಗಿ ಕೊಟ್ಟರು. ಆದರೆ ಮಕ್ಕಳು ಸುಮ್ಮನಿರಬೇಕಲ್ಲ? ಸೂಜಿಗಳನ್ನು ಕಿತ್ತುಹಾಕಿ ಆನೆಯನ್ನು ಎತ್ತಿಕೊಂಡು ಹೋದರು. ಪಿಂಗಾಣಿಯ ಮುಖದ, ಮರದ ಮೈಯ ಗಟ್ಟಿ ಬೊಂಬೆಗಳಿದ್ದ ಆ ಕಾಲದಲ್ಲಿ, ತಬ್ಬಿಕೊಂಡು ಮಲಗಬಹುದಾದ ಬೊಂಬೆ ಹೊಸದಾಗಿತ್ತು. ಅಲಂಕಾರದ ವಸ್ತುವನ್ನು ಆಟಿಕೆ ಮಾಡಿದವರು ಮಕ್ಕಳೇ. ಮಾರ್ಗರೆಟ್ ಅದನ್ನು ಗಮನಿಸಿದರು.

ತಮ್ಮ ಫ್ರಿಟ್ಜ್ ಆನೆಗಳನ್ನು ಚೀಲದಲ್ಲಿ ತುಂಬಿಕೊಂಡು ಹೈಡನ್‌ಹೈಮ್ ಸಂತೆಗೆ ಹೋಗಿ ಮಾರಿಬಂದರು. 1886ರಲ್ಲಿ ಐದು ಸಾವಿರಕ್ಕಿಂತ ಹೆಚ್ಚು ಆನೆಗಳು ಮಾರಾಟವಾದವು. ಆನೆಯ ಹಿಂದೆ ಕೋತಿ, ಕತ್ತೆ, ಕುದುರೆ, ಒಂಟೆಗಳು ಬಂದವು. 1893ರಲ್ಲಿ ಆಟಿಕೆ ಕಾರ್ಖಾನೆಯಾಗಿ ನೋಂದಣಿಯಾಯಿತು. ಪ್ರತಿ ಹೊಸ ಪ್ರಾಣಿಯ ಮೊದಲ ಮಾದರಿಯನ್ನು ಮಾರ್ಗರೆಟ್ ತಾವೇ ಕೈಯಲ್ಲಿ ಹಿಡಿದು ಪರೀಕ್ಷಿಸುತ್ತಿದ್ದರು. ಎಳೆದರೆ ಹೊಲಿಗೆ ಬಿಡುತ್ತದೆಯೇ, ಮಗುವಿಗೆ ಏನಾದರೂ ಚುಚ್ಚುತ್ತದೆಯೇ ಎಂದು ನೋಡಿ ಒಪ್ಪಿದ ಮೇಲೆಯೇ ಅದು ಮಾರುಕಟ್ಟೆಗೆ.

ಅವರು ಮದುವೆಯಾಗಲಿಲ್ಲ. ಫ್ರಿಟ್ಜ್‌ನ ಗಂಡುಮಕ್ಕಳು ಅತ್ತೆಯ ಕೆಲಸಕ್ಕೆ ಸೇರಿದರು. ಅವರಲ್ಲಿ ರಿಚರ್ಡ್ ಸ್ಟುಟ್‌ಗಾರ್ಟ್‌ನಲ್ಲಿ ಕರಕುಶಲ ಕಲೆ ಓದಿದವನು. ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಗಂಟೆಗಟ್ಟಲೆ ಕುಳಿತು ಕರಡಿಗಳ ಚಿತ್ರ ಬರೆಯುತ್ತಿದ್ದ. 1902ರಲ್ಲಿ ಅವನು ಮೊಹೇರ್ ಬಟ್ಟೆಯಲ್ಲಿ, ಕೈಕಾಲು ಆಡಿಸಬಹುದಾದ 55 ಸೆಂಟಿಮೀಟರಿನ ಕರಡಿಯೊಂದನ್ನು ರೂಪಿಸಿದ. ಅತ್ತೆಗೆ ಅದು ಅಷ್ಟು ಹಿಡಿಸಲಿಲ್ಲ. ಆದರೂ ಹುಡುಗನನ್ನು ತಡೆಯಲಿಲ್ಲ. 1903ರ ಲೈಪ್‌ಜಿಗ್ ಮೇಳದಲ್ಲಿ ಅಮೆರಿಕದ ವ್ಯಾಪಾರಿಯೊಬ್ಬ ಒಂದೇ ಸಲಕ್ಕೆ 3,000 ಕರಡಿಗಳಿಗೆ ಬೇಡಿಕೆ ಇಟ್ಟ. ಅದೇ ಸಮಯದಲ್ಲಿ ಅಮೆರಿಕದಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಯಲ್ಲಿ ಕಟ್ಟಿಹಾಕಿದ್ದ ಕರಡಿಯನ್ನು ಕೊಲ್ಲಲೊಲ್ಲದ ಸುದ್ದಿ ಮನೆಮಾತಾಗಿತ್ತು. ಬ್ರೂಕ್ಲಿನ್‌ನ ಅಂಗಡಿಯೊಂದರಲ್ಲೂ ಕರಡಿ ಬೊಂಬೆ ಹೊಲಿದಿದ್ದರು. ಹಾಗಾಗಿ ಟೆಡ್ಡಿ ಎಂಬ ಹೆಸರು ಜರ್ಮನಿಯದಲ್ಲ, ರೂಸ್‌ವೆಲ್ಟರ ಮುದ್ದಿನ ಹೆಸರು.

1903ರಲ್ಲಿ ಕಟ್ಟಿದ ಹೊಸ ಕಾರ್ಖಾನೆಗೆ ಉಕ್ಕಿನ ಚೌಕಟ್ಟು, ಗಾಜಿನ ಗೋಡೆಗಳು. ಹೊಲಿಯುವವರ ಕಣ್ಣಿಗೆ ದಿನವಿಡೀ ಬೆಳಕು ಸಿಗಲೆಂದೇ ಹಾಗೆ ಕಟ್ಟಿದ್ದು. ಕತ್ತರಿಸುವುದು, ತುಂಬುವುದು, ಬೂಟಿನ ಗುಂಡಿಗಳನ್ನು ಕಣ್ಣಾಗಿ ಹಚ್ಚುವುದು, ದಾರದಿಂದ ಮೂಗು ಕಸೂತಿ ಮಾಡುವುದು ಎಲ್ಲವೂ ಕೈಕೆಲಸ. ಒಂದೊಂದು ಕರಡಿಯ ಮುಖವೂ ಸ್ವಲ್ಪ ಬೇರೆ ಬೇರೆಯಾಗಿ ಕಾಣುವುದು ಅದಕ್ಕೇ. ನಕಲು ಮಾಡುವವರು ಹೆಚ್ಚಾದಾಗ, 1904ರಲ್ಲಿ ಇನ್ನೊಬ್ಬ ಸೋದರಳಿಯ ಫ್ರಾಂಜ್ ಪ್ರತಿ ಪ್ರಾಣಿಯ ಕಿವಿಗೆ ಲೋಹದ ಗುಂಡಿ ಹಾಕುವ ಉಪಾಯ ಮಾಡಿದ. ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬೇಕಾದದ್ದೂ ಇಂಥದೇ ಕಾರಣಕ್ಕೆ.

1907ರ ಒಂದೇ ವರ್ಷದಲ್ಲಿ ಸುಮಾರು 9 ಲಕ್ಷ 74 ಸಾವಿರ ಕರಡಿಗಳು ತಯಾರಾದವು. ಕಾರ್ಖಾನೆಯಲ್ಲಿ 400 ಜನ, ಮನೆಯಲ್ಲೇ ಕುಳಿತು ಹೊಲಿಯುವವರು 1,800 ಜನ. ಮನೆಯಿಂದ ಹೊರಗೆ ಹೋಗಿ ದುಡಿಯಲಾಗದ ಹೆಂಗಸರ ಕೈಗೆ ಹೀಗೆ ಸ್ವಂತ ಸಂಪಾದನೆ ಬಂತು. ನಮ್ಮ ಬೀಡಿ, ಅಗರಬತ್ತಿ, ಜರಿ ಕೆಲಸದ ಮನೆಗಳನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ, ಇದರ ದಣಿವೂ ತಿಳಿಯುತ್ತದೆ.

1909ರ ಮೇ 9ರಂದು, 61ನೆಯ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ಮಾರ್ಗರೆಟ್ ತೀರಿಕೊಂಡರು. ಕಾರ್ಖಾನೆ ಸೋದರಳಿಯರ ಕೈಯಲ್ಲಿ ಮುಂದುವರಿಯಿತು.

ರಿಚರ್ಡ್ ಮಾಡಿದ ಆ ಮೊದಲ ಮಾದರಿಯ ಕರಡಿಗಳಲ್ಲಿ ಒಂದಾದರೂ ಉಳಿದಿರುವುದು ಈವರೆಗೆ ಪತ್ತೆಯಾಗಿಲ್ಲ. ನಂತರದವು ಸಂಗ್ರಹಕಾರರ ಕಪಾಟು ಸೇರಿವೆ. 1904ರ ಸುಮಾರಿಗೆ ಹೊಲಿದ ಒಂದು ಸ್ಟೈಫ್ ಕರಡಿಯನ್ನು ಬಾಬ್ ಹೆಂಡರ್ಸನ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ಬಾಲ್ಯದಿಂದ ಮುಪ್ಪಿನವರೆಗೆ ತಮ್ಮ ಬಳಿ ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ, 1994ರಲ್ಲಿ ಲಂಡನ್‌ನ ಹರಾಜಿನಲ್ಲಿ ಅದು 1 ಲಕ್ಷ 10 ಸಾವಿರ ಪೌಂಡಿಗೆ ಹೋಯಿತು. ಕೊಂಡವರು ಜಪಾನಿನ ಆಟಿಕೆ ತಯಾರಕರು. ಅವರು ಅದನ್ನು ತಮ್ಮ ವಸ್ತುಸಂಗ್ರಹಾಲಯಕ್ಕೆ ಒಯ್ದರು.