ದಿವಂಗತ ಶಂಕರ ನಾಗ್

ಪದವಿಯ ಅಂತಿಮ ವರ್ಷಕ್ಕೆ ಬಂದ ವಿದ್ಯಾರ್ಥಿಗೆ ನಾಲ್ಕೂ ಕಡೆಯಿಂದ ಕೇಳಿಬರುವ ಪ್ರಶ್ನೆ ಒಂದೇ: ಮುಂದೇನು? ಹೊಟ್ಟೆಪಾಡಿನ ಉದ್ಯೋಗ ಒಂದು ಕಡೆ, ಮನಸ್ಸು ಎಳೆಯುವ ಕೆಲಸ ಇನ್ನೊಂದು ಕಡೆ. ಒಂದನ್ನು ಹಿಡಿದವನು ಮತ್ತೊಂದನ್ನು ಬಿಡಲೇಬೇಕೆಂಬುದು ಬಹುಜನರ ಮತ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಈ ಪ್ರಶ್ನೆ ನನಗೆ ಬರಿಯ ಚರ್ಚಾಸ್ಪರ್ಧೆಯ ವಿಷಯವಾಗಿ ಉಳಿದಿಲ್ಲ. ಇದಕ್ಕೆ ತಮ್ಮ ಬಾಳಿನಿಂದಲೇ ಒಂದು ಬಗೆಯ ಉತ್ತರವನ್ನು ಕೊಟ್ಟು ಹೋದವರು ನಮ್ಮ ಜಿಲ್ಲೆಯವರೇ ಆದ ನಟ, ನಿರ್ದೇಶಕ ಶಂಕರ ನಾಗ್. ಅವರು ತೀರಿಕೊಂಡ ಹದಿನೈದು ವರ್ಷಗಳ ಈಚೆಗೆ ಹುಟ್ಟಿದ ಪೀಳಿಗೆ ನಮ್ಮದು. ಆದಾಗ್ಯೂ ಅವರ ಮುಖವನ್ನು ಅರಿಯದವರು ನಮ್ಮಲ್ಲಿ ಯಾರೂ ಇರಲಾರರು.

ಶಂಕರ ನಾಗರಕಟ್ಟೆ ಎಂಬುದು ಅವರ ಪೂರ್ಣ ಹೆಸರು. 1954ನೆಯ ಇಸವಿ ನವೆಂಬರ್ 9ರಂದು ಹೊನ್ನಾವರದ ಕಡೆಯ ಮಲ್ಲಾಪುರದಲ್ಲಿ ಜನಿಸಿದರು. ಕನ್ನಡ ನಾಡು ಆಗಿನ್ನೂ ಒಂದಾಗಿರಲಿಲ್ಲ. ನಮ್ಮ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಕರಾವಳಿಯ ಎಷ್ಟೋ ಕುಟುಂಬಗಳ ಮಕ್ಕಳಂತೆ ಶಂಕರರೂ ಅವರ ಅಣ್ಣ ಅನಂತ ನಾಗರೂ ಮುಂಬಯಿ ಸೇರಿದರು. ಮನೆಮಾತು ಕೊಂಕಣಿ, ನೆಲದ ಮಾತು ಕನ್ನಡ, ನಗರದ ಮಾತು ಮರಾಠಿ. ಹಲವು ನುಡಿಗಳ ಈ ಬಳಕೆ ಅವರ ಪಾಲಿಗೆ ಮುಂದೆ ದೊಡ್ಡ ಬಂಡವಾಳವಾಯಿತು. ಮುಂಬಯಿಯ ಮರಾಠಿ ರಂಗಭೂಮಿಯೇ ಅವರಿಗೆ ಗುರುಕುಲ. ಅಲ್ಲಿ ಅವರು ನಟಿಸುವುದನ್ನಷ್ಟೇ ಅಲ್ಲದೆ ಬರೆಯುವುದನ್ನೂ ಆಡಿಸುವುದನ್ನೂ ಕಲಿತರು. ಪುಣೆಯ ಚಾಪೇಕರ ಸಹೋದರರ ಕಥೆಯನ್ನು ಹೇಳುವ, 1979ರ ಮರಾಠಿ ಚಿತ್ರವೊಂದರ ಚಿತ್ರಕಥೆಯ ರಚನೆಯಲ್ಲಿ ಅವರ ಕೈಯಿದೆ. ರಂಗಭೂಮಿಯಲ್ಲಿಯೇ ಪರಿಚಿತರಾದ ಅರುಂಧತಿಯವರನ್ನು ಅವರು 1980ರಲ್ಲಿ ವಿವಾಹವಾದರು.

ಕನ್ನಡ ಚಿತ್ರರಂಗಕ್ಕೆ ಅವರನ್ನು ಕರೆತಂದದ್ದು ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’. ಶಿರಸಿಯಲ್ಲಿ ಬಾಲ್ಯವನ್ನು ಕಳೆದು, ಇಲ್ಲಿಯ ಯಕ್ಷಗಾನವನ್ನೂ ನಾಟಕ ಕಂಪನಿಗಳನ್ನೂ ಕಂಡು ಬೆಳೆದ ಕಾರ್ನಾಡರು ಜಪಾನಿನ ಕುರೋಸಾವಾರ ಚಿತ್ರಗಳಿಂದ ಪ್ರೇರಿತರಾಗಿ, ಹಳೆಯ ಕಾಲದ ಬಾಡಿಗೆ ಯೋಧರ ಈ ಕಥೆಯನ್ನು 1978ರಲ್ಲಿ ತೆರೆಗೆ ತಂದರು. ಸುಂದರಕೃಷ್ಣ ಅರಸರಂಥ ಎತ್ತರದ ನಟರ ಎದುರಿನಲ್ಲಿ ಹೊಸಬ ಶಂಕರ ನಾಗ್ ಕಿಂಚಿತ್ತೂ ಅಳುಕಲಿಲ್ಲ. 1979ರ ಭಾರತದ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಆಗ ಅವರ ವಯಸ್ಸು ಇಪ್ಪತ್ತನಾಲ್ಕು. ನಮಗಿಂತ ನಾಲ್ಕೇ ವರ್ಷ ಹಿರಿಯರು!

ಇಂಥ ಆರಂಭವನ್ನು ಪಡೆದ ನಟನು ಗಂಭೀರ ಚಿತ್ರಗಳನ್ನು ಮಾತ್ರ ಆರಿಸಿಕೊಂಡು, ಉಳಿದುದನ್ನು ಕೀಳೆಂದು ದೂರವಿಡಬಹುದಾಗಿತ್ತು. ಶಂಕರ ನಾಗ್ ಹಾಗೆ ಮಾಡಲಿಲ್ಲ. ‘ಸೀತಾರಾಮು’, ‘ಆಟೋ ರಾಜ’, ‘ಸಾಂಗ್ಲಿಯಾನ’ ಮೊದಲಾಗಿ ಹನ್ನೆರಡು ವರ್ಷಗಳಲ್ಲಿ ಸುಮಾರು ಎಂಬತ್ತು ಚಿತ್ರಗಳಲ್ಲಿ ಅಭಿನಯಿಸಿದರು. ಇವುಗಳಲ್ಲಿ ಹೊಡೆದಾಟವೇ ಮುಖ್ಯವಾದ, ಇಂದು ನೆನಪಿನಲ್ಲಿ ಉಳಿಯದ ಚಿತ್ರಗಳೂ ಬಹಳ. ಪ್ರತಿಭೆಯನ್ನು ಸಂತೆಯಲ್ಲಿ ಚೆಲ್ಲಿದರೆಂದು ಆಕ್ಷೇಪಿಸುವವರು ಉಂಟು. ಆದರೆ ಆ ಸಂತೆಯಲ್ಲಿಯೇ ಅವರು ಗಳಿಸಿದ ಒಂದು ಸಂಪತ್ತಿದೆ. 1980ರಲ್ಲಿ ಅವರು ತೆರೆಯ ಮೇಲೆ ರಿಕ್ಷಾ ಓಡಿಸಿದರು. ನಾಲ್ಕು ದಶಕ ಕಳೆದ ಮೇಲೂ ಕರ್ನಾಟಕದ ರಿಕ್ಷಾ ಚಾಲಕರು ಅವರ ಚಿತ್ರವನ್ನು ತಮ್ಮ ವಾಹನದ ಮೇಲೆ ಅಂಟಿಸಿಕೊಂಡು ತಿರುಗುತ್ತಾರೆ. ತಮ್ಮ ದುಡಿಮೆಯನ್ನು ಗೌರವದಿಂದ ಕಾಣಿಸಿದವನನ್ನು ದುಡಿಯುವವನು ಮರೆಯುವುದಿಲ್ಲ. ಇದು ಯಾವ ಪ್ರಶಸ್ತಿಗೂ ಕಡಮೆಯಾದುದಲ್ಲ.

ಹೀಗೆ ಹಗಲಿರುಳು ಬಣ್ಣ ಹಚ್ಚುತ್ತಿದ್ದವರು ತಮ್ಮ ಮನಸ್ಸಿನ ಕೆಲಸಕ್ಕೆ ಬಿಡುವು ಮಾಡಿಕೊಂಡ ರೀತಿ ಸೋಜಿಗದ್ದು. 1980ರಲ್ಲಿ ‘ಮಿಂಚಿನ ಓಟ’ವನ್ನು, ಮರುವರ್ಷ ‘ಗೀತಾ’ವನ್ನು ನಿರ್ದೇಶಿಸಿದರು. 1985ರಲ್ಲಿ ತೆರೆಕಂಡ ‘ಆಕ್ಸಿಡೆಂಟ್’ ಚಿತ್ರದಲ್ಲಿ ಕಾಲುದಾರಿಯ ಮೇಲೆ ಮಲಗಿದ್ದ ಬಡವರ ಮೇಲೆ ಕಾರು ಹರಿಯುತ್ತದೆ. ಕಾರಿನಲ್ಲಿದ್ದವನು ಅಧಿಕಾರಸ್ಥರ ಮಗ. ಸತ್ಯವನ್ನು ಬೆನ್ನಟ್ಟುವ ಪತ್ರಕರ್ತನ ಪಾತ್ರವನ್ನು ಶಂಕರರೇ ವಹಿಸಿದರು. ಸಾಮಾಜಿಕ ಸಮಸ್ಯೆಯ ಚಿತ್ರಗಳಿಗೆ ಮೀಸಲಾದ ರಾಷ್ಟ್ರಪ್ರಶಸ್ತಿ ಇದಕ್ಕೆ ಸಂದಿತು. 1987ರಲ್ಲಿ ಅಮೆರಿಕದ ಸ್ಟೈನ್‌ಬೆಕ್ಕರ ಕಥೆಯನ್ನು ಆಧರಿಸಿ, ರಾಜಕುಮಾರರನ್ನು ನಾಯಕರನ್ನಾಗಿಸಿ ‘ಒಂದು ಮುತ್ತಿನ ಕಥೆ’ಯನ್ನು ಮಾಡಿದರು. ಇಷ್ಟರ ನಡುವೆ ನಾಟಕವನ್ನೂ ಬಿಡಲಿಲ್ಲ. ‘ಸಂಕೇತ್’ ಎಂಬ ತಂಡವನ್ನು ಕಟ್ಟಿ ಕಾರ್ನಾಡರ ‘ಅಂಜುಮಲ್ಲಿಗೆ’, ‘ನಾಗಮಂಡಲ’ ಮುಂತಾದವನ್ನು ರಂಗಕ್ಕೆ ತಂದರು. ಅದೇ ಹೆಸರಿನಲ್ಲಿ ಬೆಂಗಳೂರಿನಲ್ಲಿ ಧ್ವನಿಮುದ್ರಣ ಕೇಂದ್ರವೊಂದನ್ನು ಸ್ಥಾಪಿಸಿದರು.

ಇವೆಲ್ಲಕ್ಕೂ ಕಳಶವಿಟ್ಟಂತೆ ನಿಂತಿರುವುದು ‘ಮಾಲ್ಗುಡಿ ಡೇಸ್’. ಆರ್. ಕೆ. ನಾರಾಯಣರು ಇಂಗ್ಲಿಷಿನಲ್ಲಿ ಸೃಷ್ಟಿಸಿದ ಮಾಲ್ಗುಡಿ ಯಾವ ನಕಾಶೆಯಲ್ಲಿಯೂ ಇಲ್ಲದ ಊರು. ಟಿ. ಎಸ್. ನರಸಿಂಹನ್ನರು ದೂರದರ್ಶನಕ್ಕಾಗಿ ಈ ಧಾರಾವಾಹಿಯ ನಿರ್ಮಾಣಕ್ಕೆ ಮುಂದಾದಾಗ ನಿರ್ದೇಶನದ ಹೊಣೆ ಶಂಕರರ ಮೇಲೆ ಬಿತ್ತು. ಇಲ್ಲದ ಊರನ್ನು ಎಲ್ಲಿಂದ ತರುವುದು? ಅವರು ಸ್ಟುಡಿಯೋದ ರಟ್ಟಿನ ಗೋಡೆಗಳನ್ನು ನೆಚ್ಚಲಿಲ್ಲ. ತೀರ್ಥಹಳ್ಳಿ ತಾಲೂಕಿನ ಆಗುಂಬೆಗೆ ಹೋದರು. ಅಲ್ಲಿಯ ಬೀದಿಯೇ ಮಾಲ್ಗುಡಿಯ ಬೀದಿಯಾಯಿತು. ಜನ ವಾಸವಾಗಿದ್ದ ದೊಡ್ಡಮನೆಯ ಜಗುಲಿ, ಅಂಗಳಗಳೇ ಬಾಲಕ ಸ್ವಾಮಿಯ ಮನೆಯಾದವು. ಕಲಾನಿರ್ದೇಶಕ ಜಾನ್ ದೇವರಾಜ್ ಕಥೆಗೆ ಬೇಕಾದುದನ್ನು ಊರಿಗೆ ಕೂಡಿಸಿದರು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದರೆ, ಕಾರ್ನಾಡರು ಅವನ ತಂದೆಯಾದರು. ಎಂಟು ವರ್ಷಗಳ ಹಿಂದೆ ತಮ್ಮನ್ನು ನಿರ್ದೇಶಿಸಿದವರನ್ನು ಶಂಕರರು ಈಗ ತಾವೇ ನಿರ್ದೇಶಿಸಿದರು. ಮಿಠಾಯಿ ಮಾರುವ ಜಗನ್ನನ ಪಾತ್ರ ಅನಂತ ನಾಗರದು, ಎಲ್. ವೈದ್ಯನಾಥನ್ನರ ಸಂಗೀತ, ಕಥೆಗಾರರ ತಮ್ಮ ಆರ್. ಕೆ. ಲಕ್ಷ್ಮಣರ ಗೆರೆಚಿತ್ರಗಳು. ಶಂಕರ ನಾಗ್ ತಾವೂ ಕೆಲವು ಕಂತುಗಳಲ್ಲಿ ಬಣ್ಣ ಹಚ್ಚಿದರು. 1986ರಿಂದ ಪ್ರಸಾರವಾದ ಈ ಮಾಲಿಕೆಯಲ್ಲಿ ಅವರು ನಿರ್ದೇಶಿಸಿದ ಕಂತುಗಳು 39.

ಈ ಧಾರಾವಾಹಿಯ ಮಾತು ಹಿಂದಿ. ನಮ್ಮ ಹೇರೂರಿನ ಕಡೆ ಆಗ ಟೀವಿ ಇದ್ದ ಮನೆಗಳು ಬೆರಳೆಣಿಕೆಯಷ್ಟು, ಹಿಂದಿ ಬಲ್ಲವರು ಅದಕ್ಕೂ ಕಡಮೆ ಎಂದು ಹಿರಿಯರು ಹೇಳುತ್ತಾರೆ. ಆದರೂ ಕಥೆ ಯಾರಿಗೂ ಬಿಟ್ಟುಹೋಗಲಿಲ್ಲವಂತೆ. ಏಕೆಂದರೆ ತೆರೆಯ ಮೇಲೆ ಕಂಡದ್ದು ಅವರದೇ ಮನೆಯ ಹಂಚು, ಅವರದೇ ಮಾಡಿನಿಂದ ಇಳಿಯುವ ಮಳೆ, ಶಾಲೆ ತಪ್ಪಿಸಲು ಹೊಟ್ಟೆನೋವೆನ್ನುವ ಅವರದೇ ಮಕ್ಕಳು. ಇಂಗ್ಲಿಷಿನ ಕಥೆ, ಹಿಂದಿಯ ಮಾತು, ಕನ್ನಡದ ನಟರು, ಮಲೆನಾಡಿನ ನೆಲ ಇವನ್ನೆಲ್ಲ ಒಂದೇ ಹದಕ್ಕೆ ತರುವುದಕ್ಕೆ ಹಲವು ನುಡಿಗಳಲ್ಲಿ ಬೆಳೆದ ಕರಾವಳಿಯ ಮನುಷ್ಯನೇ ಬೇಕಾಗಿತ್ತೇನೋ! ಸಿದ್ದಾಪುರದ ನಾವು ತಾಳಗುಪ್ಪದಲ್ಲಿ ರೈಲು ಹತ್ತಿ ಶಿವಮೊಗ್ಗಕ್ಕೆ ಹೊರಟರೆ ದಾರಿಯಲ್ಲಿ ಅರಸಾಳು ನಿಲ್ದಾಣ ಸಿಗುತ್ತದೆ. ಮಾಲ್ಗುಡಿಯ ರೈಲು ನಿಂತದ್ದು ಇಲ್ಲಿಯೇ. 2020ರಲ್ಲಿ ಇಲ್ಲಿಯ ಹಳೆಯ ಕಟ್ಟಡವನ್ನು ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಯಿತು. ಕಲ್ಪನೆಯ ಊರಿಗೆ ನಿಜವಾದ ನಿಲ್ದಾಣವೊಂದು ದೊರೆತಂತಾಯಿತು.

1990ರ ಸೆಪ್ಟೆಂಬರ್ 30ರಂದು, ಕಂಬಾರರ ನಾಟಕವಾದ ‘ಜೋಕುಮಾರಸ್ವಾಮಿ’ಯ ಚಿತ್ರೀಕರಣಕ್ಕಾಗಿ ಉತ್ತರದ ಕಡೆಗೆ ಹೊರಟಿದ್ದಾಗ, ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಅವರ ಕಾರು ಅಪಘಾತಕ್ಕೀಡಾಯಿತು. ಜೊತೆಯಲ್ಲಿದ್ದ ಪತ್ನಿಯೂ ಪುಟ್ಟ ಮಗಳೂ ಬದುಕಿಕೊಂಡರು. ಶಂಕರ ನಾಗ್ ಉಳಿಯಲಿಲ್ಲ. ಮೂವತ್ತಾರು ತುಂಬಲು ಇನ್ನೂ ನಲವತ್ತು ದಿನಗಳಿದ್ದವು. ನಂದಿಬೆಟ್ಟಕ್ಕೆ ತೂಗುಹಾದಿ, ಬಡವರಿಗೆ ಅಗ್ಗದ ಮನೆ ಮುಂತಾದ ಅವರ ಯೋಚನೆಗಳು ಅರ್ಧಕ್ಕೇ ನಿಂತವು. ಆದರೆ ಒಂದು ಕನಸನ್ನು ಅರುಂಧತಿಯವರು ಕೈಬಿಡಲಿಲ್ಲ. ಹಲವು ವರ್ಷ ಶ್ರಮಿಸಿ, ನಾಟಕಕ್ಕೆಂದೇ ಮೀಸಲಾದ ‘ರಂಗಶಂಕರ’ವನ್ನು ಬೆಂಗಳೂರಿನ ಜೆ. ಪಿ. ನಗರದಲ್ಲಿ ಕಟ್ಟಿಸಿದರು. ಅದು 2004ರಲ್ಲಿ ಬಾಗಿಲು ತೆರೆಯಿತು.

ಶಂಕರ ನಾಗರ ವೇಗವನ್ನು ಹೊಗಳುವುದು ಎಲ್ಲರ ರೂಢಿ. ವೇಗವೊಂದೇ ದೊಡ್ಡದೆಂದು ನನಗೆ ಅನ್ನಿಸುವುದಿಲ್ಲ; ಬಿಡುವಿಲ್ಲದ ಓಡಾಟಕ್ಕೆ ಮನುಷ್ಯನು ತೆರಬೇಕಾದ ಬೆಲೆಯೂ ಉಂಟು. ನನಗೆ ದೊಡ್ಡದಾಗಿ ಕಾಣುವುದು ಬೇರೆ. ಅವರು ಅನ್ನ ಕೊಡುವ ಕೆಲಸವನ್ನು ತಿರಸ್ಕರಿಸಲಿಲ್ಲ. ಆ ಕೆಲಸದ ನೆಪ ಹೇಳಿ ಮನಸ್ಸಿನ ಕೆಲಸವನ್ನು ಮುಂದೂಡಲೂ ಇಲ್ಲ. ಅವರಿಗೆ ಮುಂಬಯಿಯ ರಂಗಭೂಮಿಯಿತ್ತು, ದಾರಿ ತೋರುವ ಅಣ್ಣನಿದ್ದನು, ನಮಗೆ ಏನಿದೆ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಎರಡು ನೊಗಗಳನ್ನು ಒಟ್ಟಿಗೆ ಹೊರುವ ವಿದ್ಯೆ ನಮ್ಮ ಊರುಗಳಿಗೆ ಹೊಸದಲ್ಲ. ಹಗಲು ಅಡಕೆ ತೋಟದಲ್ಲಿ ದುಡಿದು, ರಾತ್ರಿ ಗೆಜ್ಜೆ ಕಟ್ಟಿ ಬೆಳಗಿನವರೆಗೆ ಕೌರವನಾಗಿ ಕುಣಿದು, ಮರುದಿನ ಮತ್ತೆ ತೋಟಕ್ಕಿಳಿಯುವ ಹವ್ಯಾಸಿ ವೇಷಧಾರಿಗಳನ್ನು ನಾವು ಚಿಕ್ಕಂದಿನಿಂದ ಕಂಡಿಲ್ಲವೆ? ಅವರಲ್ಲಿ ಯಾರೂ ತೋಟವನ್ನು ಹಳಿದು ಬಣ್ಣ ಹಚ್ಚಿದವರಲ್ಲ.

ಮಿತ್ರರೇ, ಬರುವ ವರ್ಷ ನಮ್ಮಲ್ಲಿ ಕೆಲವರು ಶಿಕ್ಷಕರಾಗಬಹುದು, ಕೆಲವರು ಗುಮಾಸ್ತರಾಗಬಹುದು, ಕೆಲವರು ತೋಟಕ್ಕೇ ಮರಳಬಹುದು. ಯಾವುದಾದರೂ ಆಗಲಿ. ಸಂಬಳದ ಕೆಲಸವನ್ನು ಶ್ರದ್ಧೆಯಿಂದ ಮುಗಿಸಿದ ಮೇಲೂ ದಿನದಲ್ಲಿ ಒಂದು ತುಂಡು ಹೊತ್ತು ಉಳಿಯುತ್ತದೆ. ಆ ಹೊತ್ತಿನಲ್ಲಿ ನಾವು ಏನನ್ನು ಕಟ್ಟುತ್ತೇವೆಂಬುದನ್ನು ನಮ್ಮ ಪರವಾಗಿ ಬೇರೆ ಯಾರೂ ನಿರ್ಧರಿಸಲಾರರು.