ಸರ್ ವಿಲಿಯಂ ಗ್ರೋವ್

ಮೊಳಕಾಲ್ಮೂರು, ಚಳ್ಳಕೆರೆಗಳ ಸೀಮೆಗೆ ಮಳೆ ಕಡಿಮೆ, ಬಿಸಿಲಿಗೆ ಕೊರತೆಯಿಲ್ಲ. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ವಿದ್ಯೆ ಈಗ ಕೈವಶವಾಗಿದೆ. ಅದನ್ನು ಇರುಳಿಗೆ ಕೂಡಿಡುವುದೇ ಕಷ್ಟ. ಹಗಲಿನ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ಸಂಗ್ರಹಿಸಿ, ಬೇಕಾದಾಗ ಅದನ್ನು ಆಮ್ಲಜನಕದೊಡನೆ ಕೂಡಿಸಿ ಮರಳಿ ವಿದ್ಯುತ್ತನ್ನು ಪಡೆಯುವುದು ಒಂದು ಮಾರ್ಗ. ಈ ಕೂಡಿಕೆಯ ಮರ್ಮವನ್ನು ಮೊದಲು ಕಂಡವರಲ್ಲಿ ಅಗ್ರಗಣ್ಯರಾದ ಗ್ರೋವ್ ಮಹಾಶಯರ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಅವರು ಜನಿಸಿದುದು 1811ರಲ್ಲಿ, ವೇಲ್ಸ್ ದೇಶದ ಸ್ವಾನ್ಸೀ ಪಟ್ಟಣದಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿ 1835ರಲ್ಲಿ ನ್ಯಾಯವಾದಿಗಳಾದರು. ದೇಹಾರೋಗ್ಯವು ಕೆಟ್ಟು ವಕೀಲಿಯಿಂದ ಬಿಡುವು ದೊರೆಯಲು, ಆ ಬಿಡುವನ್ನು ವಿಜ್ಞಾನಕ್ಕೆ ಮೀಸಲಿಟ್ಟರು. 1841ರಲ್ಲಿ ಲಂಡನ್ ಇನ್‌ಸ್ಟಿಟ್ಯೂಷನ್ನಿನ ಪ್ರಾಧ್ಯಾಪಕರಾದರು.

1839ರಲ್ಲಿ ಸೂಚಿಸಿದ್ದ ಅನಿಲಕೋಶವನ್ನು ಅವರು 1842ರಲ್ಲಿ ಪೂರ್ಣರೂಪದಲ್ಲಿ ಪ್ರಕಟಿಸಿದರು. ಎರಡು ಗಾಜಿನ ನಳಿಕೆಗಳಲ್ಲಿ ಜಲಜನಕ, ಆಮ್ಲಜನಕ. ಕೆಳಗೆ ನೀರು ಬೆರೆಸಿದ ಗಂಧಕಾಮ್ಲ. ನಳಿಕೆಗೊಂದು ಪ್ಲಾಟಿನಮ್ ಪಟ್ಟಿ. ಅನಿಲ, ದ್ರವ, ಲೋಹ ಈ ಮೂರೂ ಸಂಧಿಸುವೆಡೆಯಲ್ಲಿಯೇ ಕ್ರಿಯೆ ನಡೆಯುವುದೆಂದು ಅವರು ಅರಿತರು. ಆ ಸಂಧಿಸ್ಥಾನವು ಹಿಗ್ಗಲೆಂದು ಪಟ್ಟಿಗಳಿಗೆ ಪ್ಲಾಟಿನಮ್ಮಿನದೇ ನುಣುಪು ಪುಡಿಯ ಲೇಪವನ್ನು ಕೊಟ್ಟರು. ಇಂತಹ 26 ಕೋಶಗಳನ್ನು ಜೋಡಿಸಿದಾಗ ಅವುಗಳ ವಿದ್ಯುತ್ತಿನಿಂದ ನೀರು ಒಡೆಯಿತು. ನೀರಾಗುವ ಕ್ರಿಯೆಯೇ ನೀರನ್ನು ಒಡೆದುದನ್ನು ಕಂಡು ಯಾರಿಗೆ ತಾನೇ ಅಚ್ಚರಿಯಾಗದು?

ಆದರೆ ದೊರೆತ ವಿದ್ಯುತ್ತು ಅತ್ಯಲ್ಪ. ಆಮ್ಲಜನಕವು ಸುಲಭವಾಗಿ ಒಲಿಯುವ ವಸ್ತುವಲ್ಲ. ಅದರ ಅಣುವಿನ ಬಂಧವನ್ನು ಬಿಡಿಸಿ, ನಾಲ್ಕು ಎಲೆಕ್ಟ್ರಾನುಗಳನ್ನು ಕೊಟ್ಟಲ್ಲದೆ ಅದು ನೀರಾಗದು. ಎರಡರಲ್ಲಿಯೇ ನಿಂತರೆ ಹೈಡ್ರೊಜನ್ ಪೆರಾಕ್ಸೈಡ್ ಆಗುವುದು. ಲೇಪವು ಈ ಕ್ರಿಯೆಯನ್ನು ಚುರುಕುಗೊಳಿಸುವುದು ದಿಟ; ಆದರೂ ಅದು ಜಲಜನಕದ ಕ್ರಿಯೆಗಿಂತ ಬಹಳ ನಿಧಾನ. ಪ್ಲಾಟಿನಮ್ಮಿನ ಬೆಲೆಯಂತೂ ಬಡವರಿಗೆ ಎಟುಕದು.

1846ರಲ್ಲಿ ಗ್ರೋವ್ ಮಹಾಶಯರು ಪ್ರಾಧ್ಯಾಪಕ ಪದವಿಯನ್ನು ಬಿಟ್ಟರು. ಸಂಸಾರದ ವೆಚ್ಚವು ಅವರನ್ನು ಮರಳಿ ವಕೀಲಿಗೆ ಎಳೆಯಿತು. 1871ರಲ್ಲಿ ನ್ಯಾಯಾಧೀಶರಾಗಿ, 1896ರಲ್ಲಿ ದೈವಾಧೀನರಾದರು. ನ್ಯಾಯಸ್ಥಾನಕ್ಕೆ ದೊರೆತ ಲಾಭವು ವಿಜ್ಞಾನಕ್ಕೆ ನಷ್ಟವಾಯಿತೆಂದೇ ನಮ್ಮ ಭಾವನೆ. ಇಂಗ್ಲೆಂಡಿನ ಬೇಕನ್ ಮಹಾಶಯರು 1959ರಲ್ಲಿ ಐದು ಕಿಲೋವಾಟಿನ ಕೋಶವನ್ನು ನಡೆಸಿ ತೋರಿಸುವ ವೇಳೆಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಸಂದಿತ್ತು. ಆಮೇಲೆ ಅಂತಹ ಕೋಶಗಳು ಅಮೆರಿಕದ ಚಂದ್ರಯಾತ್ರಿಕರ ನೌಕೆಗೆ ವಿದ್ಯುತ್ತನ್ನೂ ಕುಡಿಯುವ ನೀರನ್ನೂ ಒದಗಿಸಿದವು.

ಪ್ಲಾಟಿನಮ್ಮಿಗೆ ಬದಲಾಗಿ ಕಬ್ಬಿಣ, ಸಾರಜನಕಗಳನ್ನು ಸೇರಿಸಿದ ಇಂಗಾಲದ ಲೇಪಗಳನ್ನು ವಿಜ್ಞಾನಿಗಳು ಇಂದು ಪರೀಕ್ಷಿಸುತ್ತಿದ್ದಾರೆ. ಚಳ್ಳಕೆರೆಯ ಬಳಿ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ನಮ್ಮ ಸೀಮೆಯ ಬಾಲಕ ಬಾಲಕಿಯರಲ್ಲಿಯೂ ಇಂತಹ ಬುದ್ಧಿಯುಳ್ಳವರು ಇರಲೇಬೇಕು. ಸಂಸಾರದ ಚಿಂತೆಯಿಂದ ಅವರು ಅರ್ಧದಾರಿಯಲ್ಲಿ ಪ್ರಯೋಗಶಾಲೆಯನ್ನು ಬಿಟ್ಟು ಹೊರಡದಂತೆ ನೋಡಿಕೊಳ್ಳುವುದು ದೇಶದ ಕರ್ತವ್ಯ.