ಯಾರನ್ನು ಆದರ್ಶವಾಗಿ ಆರಿಸಿಕೊಳ್ಳಬೇಕು? ಕುದ್ಮುಲ್ ರಂಗರಾವ್ ಅವರ ಬದುಕು

‘ನನ್ನ ಆದರ್ಶ ವ್ಯಕ್ತಿ’ ಎಂಬ ಪ್ರಬಂಧವನ್ನು ಬರೆಯದೆ ಶಾಲೆ ಮುಗಿಸಿದವರು ನಮ್ಮಲ್ಲಿ ಕಡಿಮೆ. ಗೋಡೆಯ ಮೇಲಿನ ಭಾವಚಿತ್ರಗಳಲ್ಲಿ ಒಬ್ಬರನ್ನು ಆರಿಸಿ, ಅವರ ಹುಟ್ಟೂರು, ಪದವಿ, ಪ್ರಶಸ್ತಿಗಳನ್ನು ಬರೆದರೆ ಅಂಕ ಸಿಗುತ್ತಿತ್ತು. ಮುಂದೆ ಮನೆ, ಸಂಘ, ಪಂಚಾಯಿತಿ, ಕಚೇರಿಗಳ ಹೊಣೆ ಹೆಗಲಿಗೆ ಬಂದಾಗ ಅದೇ ಪ್ರಶ್ನೆ ಮತ್ತೆ ಎದುರಾಗುತ್ತದೆ. ಯಾರ ನಾಯಕತ್ವವನ್ನು ನಾವು ಅನುಸರಿಸಬೇಕು? ಆಗ ಪದವಿ, ಪ್ರಶಸ್ತಿಗಳ ಪಟ್ಟಿಯಿಂದ ಉತ್ತರ ಸಿಗುವುದಿಲ್ಲ. ಶಾಲೆಗಾಗಿಯೇ ಬದುಕನ್ನು ಸವೆಸಿದ ಕುದ್ಮುಲ್ ರಂಗರಾಯರ ಜೀವನವನ್ನು ಈ ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ನೆನೆಯುವುದು ಅದಕ್ಕಾಗಿಯೇ.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದರು. ಶಾಲಾ ಶಿಕ್ಷಕರಾಗಿ ದುಡಿಯುತ್ತಲೇ ಓದು ಮುಂದುವರಿಸಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬಡವರ ಪರವಾಗಿ ನಿಲ್ಲುವ ಪ್ರಾಮಾಣಿಕ ವಕೀಲರೆಂದು ಹೆಸರಾದರು. ಅಲ್ಲಿಗೇ ನಿಂತಿದ್ದರೂ ಅವರದು ಗೌರವದ ಬದುಕೇ ಆಗಿರುತ್ತಿತ್ತು.

ಅವರೂ ತಮಗೊಂದು ಆದರ್ಶವನ್ನು ಹುಡುಕಿಕೊಂಡಿದ್ದರು. ಮಂಗಳೂರಿನಲ್ಲಿ ಬ್ರಹ್ಮಸಮಾಜವನ್ನು ಕಟ್ಟಿದವರಲ್ಲಿ ಉಳ್ಳಾಲ ರಘುನಾಥಯ್ಯನವರು ಪ್ರಮುಖರು. ಜಾತಿಭೇದವನ್ನು ಒಪ್ಪದ ಆ ಬಳಗದ ವಿಚಾರಗಳು ರಂಗರಾಯರನ್ನು ಸೆಳೆದವು. ಆದರೆ ಅವರು ಸಭೆಯಲ್ಲಿ ಕುಳಿತು ಕೇಳುವುದಕ್ಕೆ ತೃಪ್ತರಾಗಲಿಲ್ಲ. ಕೇಳಿದ್ದನ್ನು ಬೀದಿಗೆ ತಂದರು.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಆ ಮಕ್ಕಳು ಊರಿನ ಬಾವಿಯ ಹತ್ತಿರ ಸುಳಿಯುವಂತಿಲ್ಲದ, ಬೇರೆಯವರ ಪಕ್ಕ ಕುಳಿತು ಅಕ್ಷರ ಕಲಿಯುವಂತಿಲ್ಲದ ಕಾಲ ಅದು. ಕಲಿಸಲು ಶಿಕ್ಷಕರು ಸಿಗುವುದು ಕಷ್ಟವಾಯಿತು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಮನೆಯ ಶುಭಾಶುಭಗಳಿಗೆ ಬಂಧುಗಳು ಬರುವುದು ನಿಂತಿತು. ಬಾಯಿಮಾತಿನಲ್ಲಿ ಒಂದು ಕ್ಷಮೆ ಕೇಳಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಅವರು ಕೇಳಲಿಲ್ಲ. ಒಂದು ಶಾಲೆಯ ಜಾಗದಲ್ಲಿ ಹಲವು ಶಾಲೆಗಳಾದವು. ಕಂಕನಾಡಿ, ಮೂಲ್ಕಿ, ಉಡುಪಿಯವರೆಗೂ ಈ ಕೆಲಸ ಹರಡಿತು. 1897ರಲ್ಲಿ ಇದಕ್ಕೆಲ್ಲ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯ ರೂಪ ಕೊಟ್ಟರು.

ಶಾಲೆಯ ಬಾಗಿಲು ತೆರೆದರಷ್ಟೇ ಮಕ್ಕಳು ಬರುವುದಿಲ್ಲ ಎಂಬುದು ಅವರಿಗೆ ಬೇಗ ಅರ್ಥವಾಯಿತು. ಮಗು ಶಾಲೆಗೆ ಬಂದರೆ ಆ ದಿನದ ಕೂಲಿ ಮನೆಗೆ ಇಲ್ಲ. ಅದಕ್ಕಾಗಿ ಮಕ್ಕಳಿಗೆ ಊಟದ ಏರ್ಪಾಡು ಮಾಡಿದರು, ಪೋಷಕರಿಗೆ ಸಣ್ಣ ಪ್ರೋತ್ಸಾಹಧನ ಕೊಟ್ಟರು. ನೇಯ್ಗೆ, ಬಡಗಿ ಕೆಲಸಗಳನ್ನು ಕಲಿಸಿದರು. ವಸತಿಗೆ ನೆಲ ಒದಗಿಸಲು ಸರ್ಕಾರದ ಬಾಗಿಲು ತಟ್ಟಿದರು. ಇಂದು ನಮ್ಮ ಮಕ್ಕಳು ಬಿಸಿಯೂಟದ ತಟ್ಟೆ ಹಿಡಿದು ಸಾಲಾಗಿ ಕುಳಿತುಕೊಳ್ಳುವಾಗ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ವಕೀಲರು ಹೀಗೆ ಯೋಚಿಸಿದ್ದರೆಂಬುದನ್ನು ನೆನೆಯಬೇಕು.

ಊರಿಗೆ ಹೇಳಿದ್ದನ್ನು ಅವರು ಮೊದಲು ಮನೆಯಲ್ಲಿ ಮಾಡಿ ತೋರಿಸಿದರು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಮಗಳು ರಾಧಾಬಾಯಿಯನ್ನು ಮನೆಯ ಮೂಲೆಯಲ್ಲಿ ಕೂರಿಸಲಿಲ್ಲ. ಓದಿಸಿದರು. ಬೇರೆ ಭಾಷೆ, ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರೊಂದಿಗೆ ಆಕೆಯ ಮದುವೆಯಾಯಿತು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಮಹಿಳೆಯರ ಪ್ರತಿನಿಧಿಯಾಗಿ ಕುಳಿತರು.

ವಯಸ್ಸಾದಾಗ ರಂಗರಾಯರು ಮಿಷನ್ನನ್ನು ಮನೆತನದ ಆಸ್ತಿಯಾಗಿ ಉಳಿಸಿಕೊಳ್ಳದೆ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದರು. ಕೊನೆಗಾಲದಲ್ಲಿ ಸನ್ಯಾಸ ಸ್ವೀಕರಿಸಿದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತಿಮ ಯಾತ್ರೆಗೆ ದಲಿತ ಬಂಧುಗಳೇ ಹೆಗಲು ಕೊಡಬೇಕೆಂಬುದು ಅವರ ಇಚ್ಛೆಯಾಗಿತ್ತು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಮಿಷನ್ನಿಗೆ ಭೇಟಿ ಕೊಟ್ಟರು. ಮಂಗಳೂರಿನ ಪುರಭವನ ಇಂದು ಅವರ ಹೆಸರನ್ನು ಹೊತ್ತಿದೆ.

ಈ ಬದುಕಿನಿಂದ ಆದರ್ಶವನ್ನು ಆರಿಸುವ ಒಂದು ಅಳತೆಗೋಲು ನಮಗೆ ಸಿಗುತ್ತದೆ. ನಾಯಕ ಏರಿದ ಎತ್ತರಕ್ಕಿಂತ ಅವನ ಹೆಗಲ ಆಸರೆಯಿಂದ ಎದ್ದು ನಿಂತವರು ಯಾರು, ಅದಕ್ಕಾಗಿ ಅವನು ತನ್ನದಾಗಿದ್ದ ಏನನ್ನು ಬಿಟ್ಟುಕೊಟ್ಟ ಎಂಬುದನ್ನು ನೋಡಬೇಕು. ಹಾಗೆ ನೋಡಿದರೆ ಆದರ್ಶ ವ್ಯಕ್ತಿ ಭಾವಚಿತ್ರದಲ್ಲೇ ಇರಬೇಕೆಂದಿಲ್ಲ. ಮಳೆಯಲ್ಲಿ ನೆನೆದು ಬಂದು ಪಾಠ ಮಾಡಿದ ಮೇಷ್ಟ್ರು, ತಾನು ಓದದೆ ತಂಗಿಯನ್ನು ಓದಿಸಿದ ಅಣ್ಣ ಕೂಡ ಆ ಸಾಲಿನಲ್ಲಿ ನಿಲ್ಲಬಹುದು.

ರಂಗರಾಯರಂತೆ ಎಲ್ಲರೂ ಹತ್ತಾರು ಶಾಲೆ ತೆರೆಯಲಾಗದು. ಆದರೆ ನಮ್ಮ ಊರಿನಲ್ಲಿ ಒಂಬತ್ತನೆಯ ತರಗತಿಗೇ ಓದು ಬಿಟ್ಟ ಮಗುವಿದ್ದರೆ ಅದರ ಮನೆಗೆ ಹೋಗಿ ಕಾರಣ ಕೇಳಬಹುದು. ಬಸ್ ಪಾಸೋ, ಪುಸ್ತಕವೋ, ಅಪ್ಪನಿಗೆ ಒಂದು ಮಾತೋ, ಬೇಕಾದದ್ದನ್ನು ಒದಗಿಸಬಹುದು. ಐವತ್ತು ವರ್ಷಗಳಲ್ಲಿ ಈ ಶಾಲೆಯಿಂದ ಹೊರಟವರೆಲ್ಲ ತಲಾ ಒಂದು ಮಗುವನ್ನು ಹೀಗೆ ಮರಳಿ ತರಗತಿಗೆ ಕರೆತಂದರೆ, ಆದರ್ಶದ ಪ್ರಬಂಧವನ್ನು ನಾವು ಈಗ ನಿಜವಾಗಿ ಬರೆದಂತಾಗುತ್ತದೆ.